ಆಂಜಿನಪ್ಪನವರ ಎಡಗಾಲು

ಕತ್ತರಿಸಿ ತೆಗೆದ ಕಾಲು ತಣ್ಣಗಾಗುತ್ತಿದೆ ಎಂದು ನಿಮ್ಮ ಪಕ್ಕದಲ್ಲಿ ಕುಳಿತವರು ಹೇಳಿದರೆ, ನೀವು ಅವರ ಮಾತನ್ನು ನಂಬುವಿರಾ, ಇಲ್ಲವೇ ಅವರಿಗೆ ನರಗಳ ವಿಚಾರವನ್ನು ವಿವರಿಸುವಿರಾ? ನಾನು ವಿವರಿಸಿದವನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂಢನಂಬಿಕೆಯ ವಿರುದ್ಧ ವಾದಿಸಿ ಗೆದ್ದವನು. ಉಪನ್ಯಾಸಕನಾದ ಮೇಲೆ ಚಿಕ್ಕಬಳ್ಳಾಪುರದ ಸುತ್ತಲಿನ ಹಳ್ಳಿಗಳಲ್ಲಿ ಅದನ್ನೇ ಹೇಳುತ್ತ ತಿರುಗಿದವನು. ಕಾರಣ ತೋರಿಸಲಾಗದ ಯಾವುದನ್ನೂ ನಾನು ನಂಬುತ್ತಿರಲಿಲ್ಲ.

ಆಂಜಿನಪ್ಪನವರು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದರು. ಹೆದ್ದಾರಿಯಲ್ಲಿ ವಾಹನ ತಪಾಸಣೆ ನಡೆಸುತ್ತಿದ್ದಾಗ, ನಿಲ್ಲದೆ ನುಗ್ಗಿದ ಲಾರಿಯೊಂದು ಅವರ ಎಡಗಾಲನ್ನು ಜಜ್ಜಿತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಕೃತಕ ಕಾಲು ತೊಟ್ಟು ಠಾಣೆಗೆ ಮರಳಿದರು. ನಿವೃತ್ತಿಯ ದಿನದವರೆಗೂ ದುಡಿದರು. ಊರಿನ ಕಲ್ಯಾಣಿಯಲ್ಲಿ, ಆ ಕಾಲನ್ನು ಮೆಟ್ಟಿಲ ಮೇಲೆ ಬಿಚ್ಚಿಟ್ಟು, ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಯಾರಾದರೂ ಅನುಮಾನಪಟ್ಟರೆ, "ನೀರು ಕಾಲು ಎಣಿಸಲ್ಲ ಕಣಪ್ಪ, ಉಸಿರು ಎಣಿಸುತ್ತೆ" ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ತಮಟೆ ಕೇಳಿದರೆ ಕುಣಿಯದೆ ಬಿಡುತ್ತಿರಲಿಲ್ಲ. "ಎರಡು ಕಾಲಿದ್ದಾಗ ಸ್ಟೇಷನ್ ಬಿಟ್ರೆ ಮನೆ ಅಂತಿದ್ರು. ಒಂದು ಹೋದ್ಮೇಲೆ ಒಂದಿನಾನೂ ಮನೇಲಿ ನಿಂತಿಲ್ಲ" ಎಂದು ಅವರ ಹೆಂಡತಿ ಲಕ್ಷ್ಮಮ್ಮ ಛೇಡಿಸುತ್ತಿದ್ದರು.

ನಾಲ್ಕು ವರ್ಷದ ಹಿಂದಿನ ಮಾತು. ಬೇಸಿಗೆಯ ಒಂದು ಮಧ್ಯಾಹ್ನ. ಗೌರಿಬಿದನೂರಿನ ಹತ್ತಿರದ ಕುಡುಮಲಕುಂಟೆಯಲ್ಲಿ ಕಾರ್ಖಾನೆಯ ಕಾರ್ಮಿಕರಿಗೆ ರಸ್ತೆ ಸುರಕ್ಷತೆಯ ಕುರಿತು ನಾನೂ ಆಂಜಿನಪ್ಪನವರೂ ಮಾತನಾಡಿ, ನನ್ನ ಕಾರಿನಲ್ಲಿ ಹಿಂದಿರುಗುತ್ತಿದ್ದೆವು. ಅಂಗವೈಕಲ್ಯ ಅಸಾಮರ್ಥ್ಯವಲ್ಲ ಎಂದು ನಾನು ಅವರನ್ನೇ ತೋರಿಸಿ ಭಾಷಣ ಮಾಡಿದ್ದೆ. ಚಿಕ್ಕಬಳ್ಳಾಪುರ ಇನ್ನೂ ದೂರವಿರುವಾಗಲೇ ಅವರು ಮಾತು ನಿಲ್ಲಿಸಿದರು.

"ಮೇಷ್ಟ್ರೇ, ಗಾಡಿ ನಿಲ್ಸಿ. ಎಡಗಾಲು ತಣ್ಣಗಾಗ್ತಾ ಐತೆ. ನೀರಲ್ಲಿ ಇಟ್ಟಂಗೆ."

ಕಳೆದುಹೋದ ಅಂಗದ ನೆನಪು ಮಿದುಳಿನಲ್ಲಿ ಉಳಿದಿರುತ್ತದೆ ಎಂದು ನಾನು ಆರಂಭಿಸಿದೆ.

"ಅದು ನಂಗೂ ಗೊತ್ತು, ಡಾಕ್ಟ್ರು ಹೇಳವ್ರೆ. ಉರಿ ಗೊತ್ತು, ಕಡಿತ ಗೊತ್ತು. ಇದು ಬೇರೆ. ನಿಲ್ಸಿ ಅಂದ್ನಲ್ಲ."

ಅದು ಠಾಣೆಯ ದನಿ. ನಿಲ್ಲಿಸಿದೆ. ರಸ್ತೆಯಿಂದ ಐವತ್ತು ಹೆಜ್ಜೆಯಾಚೆ, ಕೆಲಸ ನಿಂತುಹೋಗಿದ್ದ ಕಲ್ಲುಕ್ವಾರಿಯ ಗುಂಡಿಯಿತ್ತು. ಮೂರು ಕಡೆ ಕಡಿದಾದ ಬಂಡೆ, ತಳದಲ್ಲಿ ಹಸಿರು ನೀರು. ಬೇಲಿಯಿರಲಿಲ್ಲ, ಮನುಷ್ಯರ ಸುಳಿವೂ ಇರಲಿಲ್ಲ. ನೀರು ಅಲುಗುತ್ತಿರಲಿಲ್ಲ. ಆಂಜಿನಪ್ಪನವರು ಅಂಚಿನಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿದರು.

"ಯಾರೋ ಪಾದ ಹಿಡ್ಕೊಂಡವ್ರೆ" ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದರು. "ಒಂದ್ಸಲ ಇಳಿದು ನೋಡ್ಕೊಂಡು ಬಂದ್ಬಿಡ್ತೀನಿ."

ನಾನು ಅವರ ತೋಳು ಹಿಡಿದೆ. ಆಗ ನಾನಾಡಿದ ಮಾತನ್ನು ಇಲ್ಲಿ ಮರೆಮಾಚುವುದಿಲ್ಲ. "ಒಂದು ಕಾಲಿಟ್ಟುಕೊಂಡು ಈ ಗುಂಡಿಗೆ ಇಳಿಯೋದಾ?" ಎಂದೆ. ಅವರು ನೀರಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ತೋಳನ್ನು ಬಿಡಿಸಿಕೊಳ್ಳಲಿಲ್ಲ. ಹಾಗೆಯೇ ಕೆಲವು ನಿಮಿಷ ನಿಂತೆವು.

ಆಮೇಲೆ ಅವರು ಮೆಲ್ಲಗೆ ಹೇಳಿದರು: "ಪಾದ ಬಿಟ್ರು."

ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಂಡು ಕಾರಿನ ಕಡೆಗೆ ನಡೆದರು.

ಅವರ ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಜಗಲಿಯಲ್ಲಿ ಕುಳಿತು ಕೃತಕ ಕಾಲನ್ನು ಬಿಚ್ಚಿದರು. ಮೊಂಡುಗಾಲು ಕೂರುವ ಅದರ ಬಟ್ಟಲಿನಿಂದ ಒಂದು ಬೊಗಸೆಯಷ್ಟು ನೀರು ನೆಲಕ್ಕೆ ಸುರಿಯಿತು. ಬಾಗಿ ಮುಟ್ಟಿದೆ. ತಣ್ಣಗಿತ್ತು, ಬೆರಳಿಗೆ ಬಿಳಿಯ ಕಲ್ಲಿನ ಪುಡಿ ಅಂಟಿತು. ನಮ್ಮಿಬ್ಬರಲ್ಲಿ ಯಾರೂ ಆ ನೀರಿನ ಹತ್ತಿರಕ್ಕೂ ಹೋಗಿರಲಿಲ್ಲ.

"ಎಲ್ರೀ ಇಳಿದಿದ್ದು?" ಎಂದರು ಲಕ್ಷ್ಮಮ್ಮ.

"ಎಲ್ಲೂ ಇಳೀಲಿಲ್ಲ ಕಣೇ. ಮೇಷ್ಟ್ರು ಬಿಡ್ಲಿಲ್ಲ."

ಸಂಜೆಯ ಹೊತ್ತಿಗೆ ಸುದ್ದಿ ಬಂತು. ಕ್ವಾರಿಯ ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಕಂಬಳಿ ಒಗೆಯಲು ಹೋದವಳು ಮನೆಗೆ ಬಂದಿರಲಿಲ್ಲ. ಆಚೆ ದಡದ ಬಂಡೆಯ ಮರೆಯಲ್ಲಿ ಕಂಬಳಿಗಳು ಸಿಕ್ಕವು. ನಾವು ನಿಂತ ಕಡೆಯಿಂದ ಅವು ಕಾಣುತ್ತಿರಲಿಲ್ಲ. ಅಗ್ನಿಶಾಮಕ ದಳದವರು ದೇಹವನ್ನು ಮೇಲೆತ್ತಿದರು. ಊಟ ಮುಗಿಸಿ ಹೊರಟಳು ಎಂದಷ್ಟೇ ಅವಳ ನಾದಿನಿಗೆ ಗೊತ್ತಿತ್ತು. ಆಕೆ ಮುಳುಗಿದ್ದು ಯಾವ ಗಳಿಗೆಯಲ್ಲಿ ಎಂದು ನಾನು ಸಿಕ್ಕವರನ್ನೆಲ್ಲ ಕೇಳಿದೆ. ನಾವು ಅಲ್ಲಿಗೆ ಹೋಗುವುದಕ್ಕೆ ಬಹಳ ಮುಂಚೆಯೇ ಎಂದು ಯಾರಾದರೂ ಹೇಳಲಿ ಎಂಬ ಆಸೆಯಿಂದ ಕೇಳಿದೆ. ಯಾರೂ ಹೇಳಲಿಲ್ಲ.

ಆಂಜಿನಪ್ಪನವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಕಳೆದ ವರ್ಷ ಕಾಯಿಲೆಯಿಂದ ತೀರಿಕೊಳ್ಳುವ ಕೆಲವು ವಾರ ಮುಂಚಿನವರೆಗೂ ಕಲ್ಯಾಣಿಗೆ ಹೋಗುತ್ತಿದ್ದರು. ನನ್ನನ್ನು ಕಂಡರೆ ಮೊದಲಿನಂತೆಯೇ ಕಾಫಿಗೆ ಕೂರಿಸುತ್ತಿದ್ದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ನಾನು ಇಂದಿಗೂ ದೆವ್ವಗಳನ್ನು ನಂಬುವುದಿಲ್ಲ. ಕಾಲು ತಣ್ಣಗಾದದ್ದು ಕಾಕತಾಳೀಯವೆನ್ನಬಲ್ಲೆ. ಬಟ್ಟಲಿನ ನೀರು ಬೆವರು ಎಂದೂ ವಾದಿಸಿ ನೋಡಿದ್ದೇನೆ. ಬೆವರಿನಲ್ಲಿ ಕಲ್ಲಿನ ಪುಡಿ ಏಕಿತ್ತು ಎಂಬಲ್ಲಿ ವಾದ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ನನಗೆ ಏನೂ ತಿಳಿಯದು.

ಓದುಗರಲ್ಲಿ ಒಂದು ಕೋರಿಕೆಯಿದೆ. ನಿಮ್ಮ ಊರಿನ ಬಳಿ ಪಾಳುಬಿದ್ದ ಕ್ವಾರಿಯ ಗುಂಡಿಯಿದ್ದರೆ, ಪಂಚಾಯಿತಿಗೆ ಇಂದೇ ಅರ್ಜಿ ಕೊಡಿ. ಬರುವ ಭಾನುವಾರ ನಾಲ್ಕು ಜನ ಸೇರಿ ಸುತ್ತಲೂ ಮುಳ್ಳುಬೇಲಿ ಹಾಕಿ, ದಡದಲ್ಲಿ ಗಟ್ಟಿಯಾದ ಹಗ್ಗವೊಂದನ್ನು ಕಟ್ಟಿಡಿ. ಮತ್ತು ಈಜು ಬಲ್ಲವರೊಬ್ಬರು ಇಳಿಯುತ್ತೇನೆ ಎಂದರೆ, ಅವರಿಗೆ ಎಷ್ಟು ಕಾಲುಗಳಿವೆ ಎಂದು ನೋಡಿ ತೋಳು ಹಿಡಿಯಬೇಡಿ.