ಒಂದು ಗೋಲಿನ ಮುನ್ನಡೆ

ಬೀದರಿನ ಮೈಲೂರಿನಲ್ಲಿ ನವಜೀವನ ಫುಟ್‌ಬಾಲ್ ಕ್ಲಬ್ ಅಂತ ಒಂದಿದೆ. ಹುಟ್ಟಿ ನಲವತ್ತೊಂದು ವರ್ಷವಾಗುವ ತನಕ ಅದು ಒಂದೇ ಒಂದು ಕಪ್ ಗೆದ್ದಿರಲಿಲ್ಲ. ಶಿಸ್ತಿನ ತಂಡವೆಂಬ ಬಹುಮಾನ ಮಾತ್ರ ಮೂರು ಸಲ ಬಂದಿತ್ತು. ಮೊದಲ ಸುತ್ತಿನಲ್ಲೇ ಸೋತು, ಯಾರ ಜತೆಗೂ ತಕರಾರು ಮಾಡದೆ ಬಸ್ಸು ಹತ್ತಿ ಹೋಗುವವರಿಗೆ ಕೊಡುವ ಬಹುಮಾನ ಅದು.

ಈ ಕ್ಲಬ್ಬಿನ ಹೆಚ್ಚುಕಡಿಮೆ ಎಲ್ಲ ಸೋಲುಗಳನ್ನೂ ಖುದ್ದು ಹಾಜರಿದ್ದು ನೋಡಿದವರು ದತ್ತಾತ್ರಿ. ಔರಾದ ತಾಲ್ಲೂಕಿನ ಠಾಣಾ ಕುಶನೂರಿನಲ್ಲಿ ಹುಟ್ಟಿ, ಹೈಸ್ಕೂಲಿಗೆಂದು ಬೀದರಿನ ಹಾಸ್ಟೆಲಿಗೆ ಬಂದು, ಮುಂದೆ ಲೈನ್‌ಮನ್ ಆಗಿ ಮೂವತ್ತಾರು ವರ್ಷ ವಿದ್ಯುತ್ ಕಂಬ ಹತ್ತಿ ಇಳಿದವರು. ಕ್ಲಬ್ ಶುರುವಾದಾಗ ಎಲ್ಲರಿಗಿಂತ ಎತ್ತರ ಇದ್ದಾರೆಂಬ ಒಂದೇ ಕಾರಣಕ್ಕೆ ಅವರನ್ನು ಗೋಲ್‌ಕೀಪರ್ ಮಾಡಿದ್ದರು. ಮೊದಲ ಪಂದ್ಯದಲ್ಲೇ ಏಳು ಗೋಲು ಹೊಡೆಸಿಕೊಂಡರು. ಆ ಸಂಜೆಯೇ ಗ್ಲೌಸು ಬಿಚ್ಚಿಕೊಟ್ಟರು, ಕ್ಲಬ್ಬನ್ನು ಬಿಡಲಿಲ್ಲ. ನೌಕರಿಯಲ್ಲಿದ್ದಷ್ಟು ದಿನ, ಪಂದ್ಯವಿದ್ದ ಮಧ್ಯಾಹ್ನ ಮೈದಾನದ ಪಕ್ಕದ ಕಂಬದಲ್ಲಿ ಏನಾದರೊಂದು ತಪಾಸಣೆ ಅವರಿಗೆ ಇದ್ದೇ ಇರುತ್ತಿತ್ತು. ಮೇಲಿನಿಂದ ಆಟ ಚೆನ್ನಾಗಿ ಕಾಣುತ್ತಿತ್ತು. ತಮ್ಮ ತಂಡ ಎಷ್ಟು ಕೆಟ್ಟದಾಗಿ ಆಡುತ್ತಿದೆ ಎಂಬುದು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ನಿವೃತ್ತರಾದ ಮೇಲೆ ಅವರ ಜಾಗ ಮೈದಾನದ ಕಲ್ಲುಕಟ್ಟೆ. ಪಕ್ಕದಲ್ಲಿ ಯಾವಾಗಲೂ ಉಸ್ಮಾನ ಮಿಯಾ. ಮೈಲೂರಿನ ಹಳೆಯ ಟೇಲರ್. ಆಟಗಾರರ ಜರ್ಸಿ ಹೊಲಿಯುತ್ತಿದ್ದವರು, ಈಗ ಅಂಗಡಿ ಮಗನಿಗೆ ಬಿಟ್ಟಿದ್ದಾರೆ. ಇಬ್ಬರ ಸ್ವಭಾವ ಒಂದಕ್ಕೊಂದು ತಾಳೆಯಾಗದು. ದತ್ತಾತ್ರಿ ಕೂಗುತ್ತಾರೆ, ಎದ್ದು ನಿಲ್ಲುತ್ತಾರೆ, ರೆಫ್ರಿಯನ್ನು ಅವನ ತಂದೆಯ ಹೆಸರು ಹಿಡಿದು ಕರೆಯುತ್ತಾರೆ. ಉಸ್ಮಾನ ಮಿಯಾ ಬಡಿಗೆಯ ಮೇಲೆ ಎರಡೂ ಕೈ ಊರಿ, ಗೋಲಾದರೂ ಕದಲದೆ, ಹೊಡೆಸಿಕೊಂಡರೂ ಕದಲದೆ ಕೂತಿರುತ್ತಾರೆ. ವಯಸ್ಸಾದ ಮೇಲೆ ಮನುಷ್ಯ ಹೀಗಿರಬೇಕು ಎಂದು ದತ್ತಾತ್ರಿಗೆ ಅವರನ್ನು ಕಂಡರೆ ಒಳಗೊಳಗೆ ಅಸೂಯೆ.

ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಔರಾದದ ಒಂದು ಸೌಹಾರ್ದ ಪಂದ್ಯದಲ್ಲಿ ದತ್ತಾತ್ರಿಗೆ ತಲೆ ತಿರುಗಿತು. ಹತ್ತನೆಯ ನಿಮಿಷಕ್ಕೆ ನವಜೀವನ ಅಪರೂಪಕ್ಕೆ ಒಂದು ಗೋಲು ಹೊಡೆದಿತ್ತು. ಕೂಗುತ್ತ ಎದ್ದವರು ಹಾಗೆಯೇ ಕುಸಿದು ಕೂತರು. ಯಾರೋ ನೀರು ತಂದರು, ಯಾರೋ ಸೋಡಾ ತಂದರು. ಅಷ್ಟರಲ್ಲಿ ಔರಾದದವರು ಒಂದರ ಮೇಲೊಂದು ನಾಲ್ಕು ಗೋಲು ಹೊಡೆದರು. ನಾಲ್ಕನೆಯದು ಬೀಳುವ ಹೊತ್ತಿಗೆ ದತ್ತಾತ್ರಿ ಪೂರ್ತಿ ಸುಧಾರಿಸಿಕೊಂಡು ಚಹಾ ಕುಡಿಯುತ್ತಿದ್ದರು.

ಮರುದಿನ ಹೆಂಡತಿ ಕೇಶರಬಾಯಿ ಅವರನ್ನು ಡಾಕ್ಟರ್ ಸಾನಿಕಾ ಬಳಿ ಕರೆದೊಯ್ದರು. ಸಾನಿಕಾ ಮೈಲೂರಿನಲ್ಲೇ ಬೆಳೆದ ಹುಡುಗಿ. ಬಿಪಿ ನೋಡಿ ಹುಬ್ಬು ಏರಿಸಿದಳು.

“ಕಾಕಾ, ಮನ್ಯಾಗ ಏನರೆ ಟೆನ್ಷನ್ ಅದ ಏನ್ರಿ?”

“ಏನಿಲ್ರಿ ಡಾಕ್ಟರ್ ಬಾಯಿ. ಪೆನ್ಷನ್ ಬರ್ತದ. ಮಗ ಧಮ್ಮಪಾಲ ನೋಕ್ರಿ ಮ್ಯಾಲ ಇದ್ದಾನ.”

“ಫುಟ್‌ಬಾಲ್ ಅದರಿ,” ಎಂದರು ಕೇಶರಬಾಯಿ.

“ಈ ವಯಸ್ಸಿನ್ಯಾಗ ಆಡ್ತೀರೇನ್ರಿ?”

“ಇಲ್ರಿ, ನೋಡ್ತೇನಿ.”

“ಯಾವ ಟೀಮ್?”

“ನವಜೀವನ.”

ಸಾನಿಕಾ ಪೆನ್ನು ಕೆಳಗಿಟ್ಟಳು. ಆಮೇಲೆ ಗುಳಿಗೆ ಬರೆದುಕೊಟ್ಟು, ಪಂದ್ಯದ ನಡುವೆ ಬಿಪಿ ಎಷ್ಟಾಗುತ್ತದೆಂದು ನೋಡಿಕೊಂಡು ಬರಲು ಹೇಳಿದಳು.

ಧಮ್ಮಪಾಲ ಬಿಪಿ ಯಂತ್ರ ತಂದುಕೊಟ್ಟ. ಕೇಶರಬಾಯಿ ಅದನ್ನು ಕೈಚೀಲದಲ್ಲಿಟ್ಟುಕೊಂಡು ಗಂಡನ ಜತೆ ಮೈದಾನಕ್ಕೆ ಹೊರಟರು. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಗಂಡ ತಮ್ಮನ್ನು ಯಾವುದಾದರೂ ಆಟಕ್ಕೆ ಕರೆದುಕೊಂಡು ಹೋದದ್ದು ಇದೇ ಮೊದಲು ಎಂದು ಓಣಿಯಲ್ಲಿ ಹೇಳಿಯೂ ಬಂದರು. ನಾಲ್ಕು ಪಂದ್ಯವಾಗುವಷ್ಟರಲ್ಲಿ ಸಂಗತಿ ಸ್ಪಷ್ಟವಾಯಿತು. ನವಜೀವನ ಸೋಲುತ್ತಿರುವಾಗ ದತ್ತಾತ್ರಿಯ ಬಿಪಿ ನೂರಾ ಇಪ್ಪತ್ತೆಂಟಕ್ಕೆ ನೆಟ್ಟಗೆ ನಿಂತಿರುತ್ತಿತ್ತು. ಎರಡು ಗೋಲು ಹಿಂದೆ ಬಿದ್ದರೆ ಇನ್ನೂ ಸ್ವಲ್ಪ ಇಳಿಯುತ್ತಿತ್ತು. ಒಂದು ಗೋಲು ಮುಂದಾದರೆ ಮಾತ್ರ ನೂರಾ ಎಂಬತ್ತು ದಾಟುತ್ತಿತ್ತು.

“ಸೋಲುವಾಗ ನಿಮ್ಮ ಬಿಪಿ ನನ್ನದಕ್ಕಿಂತ ಛಲೋ ಅದರಿ ಕಾಕಾ,” ಎಂದಳು ಸಾನಿಕಾ. “ಹೀಂಗ್ಯಾಕ?”

ದತ್ತಾತ್ರಿ ಯೋಚಿಸಿ ಹೇಳಿದರು: “ಸೋಲೂದು ರೂಢಿ ಆಗ್ಯದರಿ. ಏನಾಗ್ತದಂತ ಗೊತ್ತಿರ್ತದ, ಆರಾಮ ಕೂಡ್ತೇನಿ. ಒಂದು ಗೋಲು ಮುಂದ ಇದ್ರ, ಅದು ಕೈಬಿಟ್ಟು ಹೋಗ್ತದಂತ ಗೊತ್ತಿರ್ತದ, ಯಾವಾಗ ಹೋಗ್ತದಂತ ಗೊತ್ತಿರಂಗಿಲ್ಲ. ಅದಕ್ಕ ಜೀವ ಒದ್ದಾಡ್ತದ.”

ಸಾನಿಕಾ ಒಂದು ಪಥ್ಯ ಹೇಳಿದಳು. ನವಜೀವನ ಮುಂದಾದ ಕೂಡಲೇ ಎದ್ದು ಮೈದಾನದಿಂದ ಹೊರಗೆ ಹೋಗಿ ಅಡ್ಡಾಡಬೇಕು. ಎದುರಿನವರು ಸರಿಗಟ್ಟಿದರೆ ಮರಳಿ ಬಂದು ಕೂರಬಹುದು. ಇಷ್ಟು ಸಸಾರದ ಪಥ್ಯ ಬೀದರ ಜಿಲ್ಲೆಯಲ್ಲಿ ಯಾವ ರೋಗಿಗೂ ಸಿಕ್ಕಿರಲಿಕ್ಕಿಲ್ಲ. ಆ ಇಡೀ ವರ್ಷದಲ್ಲಿ ದತ್ತಾತ್ರಿ ಏಳಬೇಕಾದದ್ದು ಎರಡೇ ಸಲ, ಅದೂ ಐದೈದು ನಿಮಿಷ.

ಕೆಟ್ಟದಾದದ್ದು ಮರುವರ್ಷ. ಕೆಮಿಸ್ಟ್ರಿ ಕಲಿಸುವ ಅಮಿತಕುಮಾರ ಎಂಬ ಲೆಕ್ಚರರ್ ವರ್ಗವಾಗಿ ಬೀದರಿಗೆ ಬಂದು ಮೈಲೂರಿನಲ್ಲಿ ಮನೆ ಹಿಡಿದರು. ಸಣ್ಣ ಆಳು, ಮೃದು ಮಾತು. ಎಡಗಾಲಿಗೆ ಚೆಂಡು ಸಿಕ್ಕರೆ ಮಾತ್ರ ಬೇರೆಯೇ ಮನುಷ್ಯ. ಸಂಜೆ ಕಾಲಾಡಿಸಲು ಮೈದಾನಕ್ಕೆ ಬಂದವರನ್ನು ಕ್ಲಬ್ಬಿನವರು ಬಿಡಲಿಲ್ಲ. ನವಜೀವನ ಗೆಲ್ಲತೊಡಗಿತು.

ದತ್ತಾತ್ರಿಯ ಬಾಳು ಬೀದಿಗೆ ಬಿತ್ತು. ನಲವತ್ತು ವರ್ಷ ಕಾದದ್ದು ಕಣ್ಣೆದುರು ನಡೆಯತೊಡಗಿದಾಗ ಅವರು ಮೈದಾನದ ಹೊರಗೆ ಕಬ್ಬಿನ ಹಾಲಿನ ಗಾಡಿ, ಪಂಕ್ಚರ್ ಅಂಗಡಿ, ಯಾರದೋ ಮನೆಯ ಎಮ್ಮೆ ನೋಡುತ್ತ ತಿರುಗುತ್ತಿದ್ದರು. ಒಳಗಿನಿಂದ ಕೂಗು ಕೇಳಿದಾಗೆಲ್ಲ ಅದು ಯಾರ ಕೂಗೆಂದು ನಿಂತು ಲಕ್ಷ್ಯಗೊಡುತ್ತಿದ್ದರು. ತಂಡ ಮೂರು–ಸೊನ್ನೆಯಿಂದ ಗೆದ್ದ ದಿನ ಅವರು ನಾಲ್ಕು ಕಿಲೋಮೀಟರ್ ನಡೆದಿದ್ದರು. ಮರುದಿನ ಓಣಿಯವರು ಕೈಕುಲುಕಿ “ನಿಮ್ಮ ಟೀಮ್ ಗೆದ್ದದಲ್ರಿ!” ಅನ್ನುತ್ತಿದ್ದರು. ಪಂದ್ಯ ಹೇಗಾಯಿತೆಂದು ಅವರು ರಾತ್ರಿ ಊಟದ ಹೊತ್ತಿಗೆ ಕೇಶರಬಾಯಿಯಿಂದ ಕೇಳಿ ತಿಳಿಯಬೇಕಾಗಿತ್ತು. ಗಂಡ ಎದ್ದುಹೋದರೂ ಕೇಶರಬಾಯಿ ಮಾತ್ರ ಉಸ್ಮಾನ ಮಿಯಾ ಪಕ್ಕ ಕೂತು, “ಅಯ್ಯ, ಅತ್ಲಾಗ ಒದಿಯೋ! ಎಡಕ್ಕ ಯಾರೂ ಇಲ್ಲ ನೋಡು!” ಎಂದು ಬಾಯಿ ಮಾಡುತ್ತ ಪೂರ್ತಿ ನೋಡಿಯೇ ಬರುತ್ತಿದ್ದರು.

ಡಿಸೆಂಬರಿನಲ್ಲಿ ನವಜೀವನ ಭಾಲ್ಕಿಯ ಟೂರ್ನಮೆಂಟಿನ ಫೈನಲ್ ಮುಟ್ಟಿತು. ಎದುರಿಗೆ ನಾಲ್ಕು ಸಲ ಕಪ್ ಗೆದ್ದ ಭಾಲ್ಕಿಯವರೇ. ಆ ಭಾನುವಾರವೇ ಬಸುರಿ ಸೊಸೆ ಉಜ್ವಲಾಳ ಕುಪ್ಪಸದ ಕಾರ್ಯಕ್ರಮ ಬಿದ್ದಿದ್ದರಿಂದ ಕೇಶರಬಾಯಿ ಬರುವಂತಿರಲಿಲ್ಲ.

“ಪಥ್ಯ ಮುರೀಬ್ಯಾಡ್ರಿ,” ಎಂದು ಗಂಡನಿಗೆ ಆಣೆ ಹಾಕಿಸಿ ಕಳಿಸಿದರು.

ಇಪ್ಪತ್ತನೆಯ ನಿಮಿಷಕ್ಕೆ ಅಮಿತಕುಮಾರ ದೂರದಿಂದ ಎಡಗಾಲಲ್ಲಿ ಹೊಡೆದ ಚೆಂಡು ನೇರ ಮೂಲೆಗೆ ಹೋಗಿ ಬಿತ್ತು. ದತ್ತಾತ್ರಿಯ ಕಿವಿಯಲ್ಲಿ ಗುಂಯ್ ಎಂದಿತು. ಆಣೆ ನೆನಪಾಗಿ, ಉಸ್ಮಾನ ಮಿಯಾನ ಭುಜ ತಟ್ಟಿ, ಎದ್ದು ಹೊರಗೆ ನಡೆದರು. ಮುಖ್ಯ ರಸ್ತೆಯಲ್ಲಿ ಸಾಯಗಾಂವಕ್ಕೆ ಹೋಗುವ ಬಸ್ಸು ಮಂದಿ ಹತ್ತಿಸಿಕೊಳ್ಳುತ್ತಿತ್ತು. ಸಾಯಗಾಂವದಲ್ಲಿ ತಂಗಿಯ ಮನೆಯಿದೆ. ಇಲ್ಲಿ ನಿಂತರೆ ಕೂಗು ಕೇಳುತ್ತದೆ, ಅಲ್ಲಿ ಕೇಳುವುದಿಲ್ಲ. ಒಂದು ಕಾಲು ಮೆಟ್ಟಿಲ ಮೇಲಿಟ್ಟರು.

“ದತ್ತಾತ್ರಿ ಭಾಯಿ! ಎಲ್ಲಿದ್ದೀರಿ?”

ತಿರುಗಿ ನೋಡಿದರೆ ಉಸ್ಮಾನ ಮಿಯಾ. ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈ ಮುಂದೆ ಚಾಚಿ, ಬಸ್ಸಿಗೆ ನಿಂತ ಒಬ್ಬೊಬ್ಬರ ಮುಖದ ಹತ್ತಿರ ಮುಖ ತಂದು ನೋಡುತ್ತ ಬರುತ್ತಿದ್ದರು. ಹತ್ತು ಹೆಜ್ಜೆ ದೂರವಿದ್ದ ದತ್ತಾತ್ರಿಯನ್ನು ದಾಟಿ ಮುಂದೆಯೇ ಹೋದರು.

“ಇಲ್ಲೇ ಇದ್ದೇನಲ್ರಿ ಉಸ್ಮಾನ ಮಿಯಾ! ಏನಾತು? ಗೋಲ್ ಕೊಟ್ರೇನು?”

“ನನಗೇನು ಗೊತ್ತು?” ಎಂದರು ಉಸ್ಮಾನ ಮಿಯಾ. ದನಿಯಲ್ಲಿ ಸಿಟ್ಟಿತ್ತು. “ನೀವು ಎದ್ದು ಬಂದ್ರ ನಾ ಏನು ನೋಡ್ಲಿ?”

“ಮ್ಯಾಚ್ ನೋಡ್ರಲ್ಲ.”

“ಮ್ಯಾಚ್ ಎಲ್ಲಿ ಕಾಣ್ತದ್ರಿ ನನಗ! ಎಂಟು ವರ್ಷ ಆತು ಚೆಂಡು ಕಾಣ್ದೆ. ಎಲ್ಲಾ ಮಂಜು ಮಂಜು. ನಿಮ್ಮ ಮುಖಾ ಒಂದು ಹತ್ರ ಇರ್ತದ, ಅದನ್ನ ನೋಡ್ತಿದ್ದೆ. ನೀವು ಕುಂತ್ರ ಅವ್ರ ಕಡೆ ಚೆಂಡು, ನೀವು ಎದ್ರ ನಮ್ಮ ಕಡೆ. ಈ ಸಲ ನೀವು ಹೊರಗ ಹೋಗ್ಲಿಕ್ ಹತ್ತಿದ್ ಮ್ಯಾಲ ಕೇಶರಬಾಯಿ ವೈನಿ ಎಲ್ಲಾ ಬಾಯಿಲೇ ಹೇಳ್ತಿದ್ರು, ನಡೀತು. ಇವತ್ತ ಅವ್ರೂ ಇಲ್ಲ.”

ದತ್ತಾತ್ರಿಗೆ ಎರಡು ವರ್ಷದ ಹಿಂದೆ ಉಸ್ಮಾನ ಮಿಯಾ ಹೊಲಿದುಕೊಟ್ಟ ಜರ್ಸಿ ನೆನಪಾಯಿತು. ಆ ಸಲ ತಂಡದಲ್ಲಿ ಒಂಬತ್ತನೆಯ ನಂಬರಿನವರು ಇಬ್ಬರಿದ್ದರು, ಆರನೆಯ ನಂಬರ್ ಯಾರಿಗೂ ಇರಲಿಲ್ಲ.

“ಹಂಗಾದ್ರ ಇಷ್ಟು ವರ್ಷ ಶಾಂತ ಕೂಡ್ತಿದ್ದಿರಲ್ಲ, ಅದು?”

“ಕಾಣ್ದವ ಯಾಕ ಎಗರ್ತಾನ್ರಿ?”

“ಆಪರೇಷನ್ ಮಾಡಿಸ್ಕೋಬೇಕಿಲ್ಲೇನು?”

“ಕಣ್ಣಾಗ ಸೂಜಿ ಹಾಕ್ತಾರಂತ. ನಾ ಟೇಲರ್ ಇದ್ದೇನಿ, ಸೂಜಿ ಅಂದ್ರ ಏನು ನನಗ ಗೊತ್ತದ.”

ಕಂಡಕ್ಟರ್ ಬಾಗಿಲು ಬಡಿದ. “ಕಾಕಾ, ಹತ್ತತೀರೋ ಇಲ್ರಿ?”

ದತ್ತಾತ್ರಿ ಮೆಟ್ಟಿಲಿಂದ ಕಾಲು ತೆಗೆದರು. “ನೀವು ಹೋಗ್ರಿ,” ಎಂದು ಬಸ್ಸು ಕಳಿಸಿ, ಆಣೆಯನ್ನು ಬದಿಗಿಟ್ಟು, ಉಸ್ಮಾನ ಮಿಯಾನ ಕೈ ಹಿಡಿದು ಮೈದಾನಕ್ಕೆ ಮರಳಿದರು.

ಅಲ್ಲಿಂದ ಮುಂದೆ ಅವರು ಆಟವನ್ನು ಉಸ್ಮಾನ ಮಿಯಾನ ಕಿವಿಗೆ ಹೇಳುತ್ತ ಹೋದರು. ಸ್ನೇಹಿತನಿಗೆ ಬೇಸರವಾಗಬಾರದೆಂದು ತಪ್ಪುಗಳನ್ನು ಬಿಟ್ಟು, ಹೋದ ಪಾಸನ್ನು ಬಂದ ಪಾಸು ಮಾಡಿ, ಬಿದ್ದ ಆಟಗಾರನನ್ನು ಎಬ್ಬಿಸಿ ಹೇಳಿದರು. ದ್ವಿತೀಯಾರ್ಧದ ನಡುವೆ ಭಾಲ್ಕಿಯವರು ಗೋಲು ಹೊಡೆದು ಸರಿಗಟ್ಟಿದರು. ದತ್ತಾತ್ರಿಯ ಎದೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ಅವರಿಗೆ ನಾಚಿಕೆಯೂ ಆಯಿತು.

“ಹೋತು ಹೌದಲ್ರಿ?” ಎಂದರು ಉಸ್ಮಾನ ಮಿಯಾ. “ನೀವು ಹೇಳೂದು ಬ್ಯಾಡ. ಮಾರಿ ಶಾಂತ ಆಗ್ಯದ.”

ಪಂದ್ಯ ಮುಗಿಯಲು ಐದು ನಿಮಿಷವಿದ್ದಾಗ ನವಜೀವನಕ್ಕೆ ಕಾರ್ನರ್ ಸಿಕ್ಕಿತು. ಅಮಿತಕುಮಾರ ಹೊಡೆದದ್ದು ಅಡ್ಡಗಂಬಕ್ಕೆ ಬಡಿದು ಮಂದಿಯ ಕಾಲುಗಳ ನಡುವೆ ಬಿತ್ತು. ಅಲ್ಲಿ ಸುಫಿಯಾನ ಎಂಬ ಡಿಫೆಂಡರ್ ನಿಂತಿದ್ದ. ಆರು ವರ್ಷದಲ್ಲಿ ಅವನು ಹೊಡೆದದ್ದು ಎರಡೇ ಗೋಲು, ಎರಡೂ ತನ್ನ ತಂಡದ ಮೇಲೆಯೇ. ಚೆಂಡು ಅವನ ಮೊಣಕಾಲಿಗೆ ತಾಗಿ ಒಳಗೆ ಉರುಳಿತು. ಗೋಲಾಯಿತೆಂದು ಅವನಿಗೆ ತಿಳಿದದ್ದು ಬೇರೆಯವರು ಮೈಮೇಲೆ ಬಿದ್ದಾಗ.

ಮತ್ತೆ ಒಂದು ಗೋಲಿನ ಮುನ್ನಡೆ. ಪಥ್ಯದ ಪ್ರಕಾರ ಏಳಬೇಕು. ಎದ್ದರೆ ಪಕ್ಕದವನಿಗೆ ಆಟವೇ ಇಲ್ಲ. ದತ್ತಾತ್ರಿ ಉಸ್ಮಾನ ಮಿಯಾನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು, “ಚೆಂಡು ನಮ್ಮ ಕಡೆ ಅದ… ಒದ್ದ… ಮತ್ತ ಬಂತು… ಕೀಪರ್ ಹಿಡ್ದ…” ಎಂದು ಹೇಳುತ್ತಲೇ ಹೋದರು. ಮಾತು ನಿಲ್ಲಿಸಿದರೆ ಎದೆಯ ಸದ್ದು ಕೇಳಿಸುತ್ತಿತ್ತು. ಹಾಗಾಗಿ ನಿಲ್ಲಿಸಲಿಲ್ಲ. ಭಾಲ್ಕಿಯವರ ಕೊನೆಯ ಹೊಡೆತ ಕಂಬದ ಪಕ್ಕದಿಂದ ಹಾದುಹೋಯಿತು. ರೆಫ್ರಿ ಸೀಟಿ ಊದಿದ.

ಅಷ್ಟು ಹೊತ್ತು ನಿಲ್ಲದ ಬಾಯಿ ಆಗ ಕಟ್ಟಿಹೋಯಿತು. ಕಣ್ಣಲ್ಲಿ ನೀರು.

ಉಸ್ಮಾನ ಮಿಯಾ ಮುಖ ಹತ್ತಿರ ತಂದು ಅವರನ್ನು ಬಹಳ ಹೊತ್ತು ನೋಡಿದರು. ಎಂಟು ವರ್ಷದಲ್ಲಿ ಆ ಮುಖವನ್ನು ಅವರು ಹೀಗೆ ಕಂಡಿರಲಿಲ್ಲ. ಕಿವಿಗೆ ಬಿದ್ದ ಮಾತಿಗಿಂತ ಕಣ್ಣಿಗೆ ಕಂಡ ಮುಖವನ್ನೇ ನಂಬಿದರು. ಬೆನ್ನು ಸವರಿದರು.

“ಇರ್ಲಿ ಬಿಡ್ರಿ ಭಾಯಿ. ಫೈನಲ್ ತನಕ ಬಂದೇವಲ್ಲ, ಅದೇನು ಕಮ್ಮೀನಾ? ಫಿಕರ್ ಮಾಡಬ್ಯಾಡ್ರಿ.”

“ಉಸ್ಮಾನ ಮಿಯಾ… ಗೆದ್ದೇವ್ರಿ.”

“ಯಾರು?” ಎಂದರು ಉಸ್ಮಾನ ಮಿಯಾ.

ಮರುದಿನ ಸಾನಿಕಾ ಬಿಪಿ ನೋಡಿ ಬೈದಳು, ಗುಳಿಗೆಯನ್ನು ಅರ್ಧದಿಂದ ಒಂದಕ್ಕೆ ಏರಿಸಿದಳು. ಆಮೇಲೆ ನಡೆದದ್ದನ್ನೆಲ್ಲ ಕೇಳಿಸಿಕೊಂಡು, ನಡುವೆ ಎದ್ದುಹೋಗುವ ಪಥ್ಯವನ್ನು ತಾನಾಗಿಯೇ ಕೈಬಿಟ್ಟಳು. ಮಾತಾಡುತ್ತ ಕೂತರೆ ಇವರಿಗೆ ಅಪಾಯ ಕಡಿಮೆ ಎಂದು ಅವಳಿಗೆ ಅನ್ನಿಸಿತ್ತು. ಉಸ್ಮಾನ ಮಿಯಾನನ್ನು ಕಣ್ಣಿನ ಡಾಕ್ಟರ್ ಬಳಿ ಕಳಿಸುವ ಕೆಲಸವನ್ನೂ ದತ್ತಾತ್ರಿಗೇ ಹಚ್ಚಿದಳು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಸೂಜಿಯ ವಿಷಯದಲ್ಲಿ ಟೇಲರನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಕೊನೆಗೆ ಕೇಶರಬಾಯಿ ಹೋಗಿ, ಇನ್ನು ತಾನು ಮೈದಾನದಲ್ಲಿ ಬಾಯಿ ಬಿಡುವುದಿಲ್ಲ ಎಂದು ಹೆದರಿಸಿದ ಮೇಲೆ ಒಪ್ಪಿದರು. ಎರಡೂ ಕಣ್ಣಿನ ಆಪರೇಷನ್ ಒಂದಾದ ಮೇಲೊಂದರಂತೆ ಸುಸೂತ್ರವಾಯಿತು.

ಆಮೇಲಿನ ಮೊದಲ ಪಂದ್ಯ ಠಾಣಾ ಕುಶನೂರಿನಲ್ಲಿ. ಭಾಲ್ಕಿಯ ಕಪ್ ಗೆದ್ದ ತಂಡವೆಂದು ನವಜೀವನಕ್ಕೆ ವಿಶೇಷ ಆಮಂತ್ರಣ ಬಂದಿತ್ತು. ಉಸ್ಮಾನ ಮಿಯಾ ಕಪ್ಪು ಕನ್ನಡಕ ಹಾಕಿಕೊಂಡು, ಹತ್ತು ನಿಮಿಷ ತುಟಿ ಬಿಚ್ಚದೆ ಆಟ ನೋಡಿದರು. ಚೆಂಡು ಕಂಡಿತು. ಅಮಿತಕುಮಾರ ಕಂಡರು. ಸುಫಿಯಾನ ಖಾಲಿ ಜಾಗಕ್ಕೆ ಪಾಸು ಕೊಟ್ಟದ್ದು ಕಂಡಿತು. ಕನ್ನಡಕ ತೆಗೆದು ದತ್ತಾತ್ರಿಯತ್ತ ತಿರುಗಿದರು.

“ಇವ್ರು ಇಷ್ಟು ಖರಾಬ್ ಆಡ್ತಾರಂತ ನೀವು ಒಂದಿನಾನೂ ಹೇಳ್ಲಿಲ್ಲಲ್ರಿ?”

ಹಾಫ್‌ಟೈಮಿಗೆ ಮುಂಚೆಯೇ ಅವರು ಎದ್ದು ನಿಂತು ರೆಫ್ರಿಗೆ ಬಡಿಗೆ ತೋರಿಸುತ್ತಿದ್ದರು. ದತ್ತಾತ್ರಿ ಶೇರವಾನಿ ಹಿಡಿದು ಜಗ್ಗಿ ಕೂರಿಸಿದಷ್ಟೂ ಅವರು ಏಳುತ್ತಿದ್ದರು. ನವಜೀವನ ಎರಡು–ಸೊನ್ನೆಯಿಂದ ಸೋತಿತು. ಬೀದರಿಗೆ ಮರಳುವ ಬಸ್ಸಿನಲ್ಲಿ ಉಸ್ಮಾನ ಮಿಯಾ, ಡಿಫೆನ್ಸಿನಲ್ಲಿ ಯಾರನ್ನು ತೆಗೆಯಬೇಕು, ಯಾರನ್ನು ಹಾಕಬೇಕು ಎಂದು ದಾರಿಯುದ್ದಕ್ಕೂ ಬೆರಳು ಮಡಚುತ್ತ ಹೇಳುತ್ತಿದ್ದರು. ದತ್ತಾತ್ರಿ ಸಂತಪುರ ದಾಟುವ ತನಕ ಹೂಂಗುಟ್ಟಿ, ಆಮೇಲೆ ಕಿಟಕಿಗೆ ತಲೆಯಾನಿಸಿ ಸುಖವಾಗಿ ನಿದ್ದೆ ಹೋದರು.