ಅರ್ಧ ಮುಖದ ಯೋಗಾಭ್ಯಾಸ

ಶನಿವಾರ ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದೆ. ನೀರು ಸಿಂಕಿಗೆ ಬೀಳಲಿಲ್ಲ. ಬಾಯಿಯ ಎಡಮೂಲೆಯಿಂದ ಜಾರಿ, ಗಲ್ಲ ಇಳಿದು, ಟೀ ಶರ್ಟಿನೊಳಗೆ ಹೋಯಿತು.

ಒರೆಸಿಕೊಂಡೆ. ಮತ್ತೆ ಮುಕ್ಕಳಿಸಿದೆ. ಮತ್ತೆ ಅದೇ.

ಹಿಂದಿನ ದಿನದಿಂದಲೇ ಎಡಗಿವಿಯ ಹಿಂದೆ ಒಂದು ನೋವಿತ್ತು. ಬಾಥೆಲ್ ಊರಿನ ಆಫೀಸಿನಲ್ಲಿ ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕೂರುವವನಿಗೆ ಕಿವಿ ನೋಯದೆ ಇನ್ನೇನು ನೋಯುತ್ತೆ ಅಂದುಕೊಂಡಿದ್ದೆ. ಫೋನಿನಲ್ಲಿ ಹುಡುಕಿದರೆ ಅದು ಹೇಗಿದ್ದರೂ ಬ್ರೇನ್ ಟ್ಯೂಮರ್ ಅನ್ನುತ್ತೆ. ಆದ್ದರಿಂದ ಹುಡುಕಲಿಲ್ಲ. ಟೀ ಶರ್ಟ್ ಬದಲಾಯಿಸಿ ಯೋಗ ಕ್ಲಾಸಿಗೆ ಹೊರಟೆ.

ನಮ್ಮ ಕನ್ನಡದವರ ಯೋಗ ಕ್ಲಾಸ್ ಸಮಾಮಿಶ್ ಊರಿನ ಒಂದು ಶಾಲೆಯ ಜಿಮ್‌ನಲ್ಲಿ. ಬ್ಯಾಸ್ಕೆಟ್‌ಬಾಲ್ ಅಂಕಣದ ಗೆರೆಯ ಆಚೆ ದೊಡ್ಡವರು, ಈಚೆ ಮಕ್ಕಳು. ಬಾಗಿಲಲ್ಲಿ ಮದುವೆಮನೆಯ ಹಾಗೆ ಚಪ್ಪಲಿ, ಶೂ ರಾಶಿ. ಮುಗಿದ ಮೇಲೆ ಫ್ಲಾಸ್ಕ್ ಕಾಫಿ, ಯಾರೋ ಮಾಡಿ ತಂದ ಚಿತ್ರಾನ್ನ. ಅರ್ಧ ಜನ ಬರುವುದು ಅದಕ್ಕೇ. ದೊಡ್ಡವರಿಗೆ ಹೇಳಿಕೊಡುವವರು ಹಾಸನದ ವಸುಧಾ ಆಂಟಿ. ಅವರು “ಉಸಿರನ್ನ ತಗೊಳ್ಳೀ...” ಅಂತ ಎಳೆದು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನವರು ತಗೊಂಡು, ಬಿಟ್ಟು, ಇನ್ನೊಂದು ತಗೊಂಡಿರುತ್ತಾರೆ.

ಮಕ್ಕಳ ಕಡೆ ನಾನು. ನನಗೆ ಯೋಗ ಬರುತ್ತೆ ಅಂತಲ್ಲ. ಮುಂದೆ ಬಾಗಿದರೆ ನನ್ನ ಕೈಗೂ ಕಾಲಿಗೂ ಇನ್ನೂ ಪರಿಚಯವೇ ಆಗಿಲ್ಲ. ಆದರೆ ಮಿಮಿಕ್ರಿ ಬರುತ್ತೆ. ಭುಜಂಗಾಸನಕ್ಕೆ ಬುಸ್ ಅನ್ನಬೇಕು, ಮಂಡೂಕಾಸನಕ್ಕೆ ವಟವಟ ಅನ್ನಬೇಕು. ಇಲ್ಲದಿದ್ದರೆ ಈ ಪರದೇಶದಲ್ಲೇ ಹುಟ್ಟಿದ ನಮ್ಮ ಮಕ್ಕಳು ಮ್ಯಾಟ್ ಸುತ್ತಿಕೊಂಡು ಪತ್ರೊಡೆ ಥರ ಮಲಗಿಬಿಡುತ್ತವೆ. ಕಾಫಿ ಹೊತ್ತಿನಲ್ಲಿ ನನ್ನ ಎರಡನೇ ಶೋ, ದೊಡ್ಡವರನ್ನೇ ಒಬ್ಬೊಬ್ಬರಾಗಿ ಮಾಡಿ ತೋರಿಸುವುದು. ಅದರಲ್ಲಿ ಭಾರೀ ಬೇಡಿಕೆ ಇರುವುದು ನಾಗೇಂದ್ರ ಅಂಕಲ್‌ಗೆ. ತುಮಕೂರಿನವರು, ದೊಡ್ಡ ಕಂಪನಿಯ ದೊಡ್ಡ ಮ್ಯಾನೇಜರ್. ಎಲೆ ಅಡಿಕೆ ಹಾಕದಿದ್ದರೂ ಹಾಕಿಕೊಂಡವರ ಹಾಗೆ ಬಾಯಿಯ ಒಂದೇ ಬದಿಯಿಂದ ಮಾತಾಡುತ್ತಾರೆ. ಪ್ರತಿ ಆಸನ ಮುಗಿದ ಮೇಲೆ ತಮಗೆ ತಾವೇ “ವೆರಿ ಗುಡ್” ಹೇಳಿಕೊಳ್ಳುತ್ತಾರೆ.

ಅವತ್ತು ಸಿಂಹಾಸನಕ್ಕೆ ಬಂದೆವು. ಕಣ್ಣು ಬಿಡಬೇಕು, ನಾಲಿಗೆ ಚಾಚಬೇಕು, ಘರ್ಜಿಸಬೇಕು. ಘರ್ಜಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

“ಮಾಮ, ಡೂ ಇಟ್ ಅಗೇನ್!” ಅಂದಳು ಇರಾ. ನನ್ನ ಅಕ್ಕನ ಮಗಳು.

ಮತ್ತೆ ಮಾಡಿದೆ. ಈ ಸಲ ದೊಡ್ಡವರೂ ನಕ್ಕರು. ನಾನೂ ನಕ್ಕೆ. ಆಗ ನಗು ಇನ್ನಷ್ಟು ಜೋರಾಯಿತು. ಯಾಕೆ ಅಂತ ನನಗೆ ಅರ್ಥವಾಗಲಿಲ್ಲ.

ಅಕ್ಕ ಗೆರೆ ದಾಟಿ ಬಂದಳು. “ಲೋ ಕಾರ್ತಿ, ಸಾಕು ನಿಲ್ಸೋ. ನಾಗೇಂದ್ರ ಅಂಕಲ್ ನೋಡ್ತಿದಾರೆ.”

“ನಾನೇನೂ ಮಾಡ್ತಿಲ್ಲ ಕಣೇ.”

“ಅದೇ, ಅದೇ, ಅವರ ಥರಾನೇ ಮಾತಾಡ್ತಿದೀಯ. ಮರ್ಯಾದೆ ಕಳೀಬೇಡ.”

ವಸುಧಾ ಆಂಟಿ ಆ ಕಡೆಯಿಂದಲೇ, “ಮಕ್ಕಳೆದುರು ಸೊಟ್ಟಮುಖ ಮಾಡಬಾರ್ದಪ್ಪಾ, ಹಾಗೇ ನಿಂತುಬಿಡುತ್ತೆ” ಅಂದರು. ನಾನು ಇಲ್ಲ ಅಂದಷ್ಟೂ ಬಾಯಿ ಒಂದು ಕಡೆಗೆ ಹೋಗುತ್ತಿತ್ತು. ಹೋದಷ್ಟೂ ಜನ ನಗುತ್ತಿದ್ದರು. ಜೀವನದಲ್ಲಿ ಮೊದಲ ಸಲ ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ, ಮತ್ತು ಅದನ್ನು ನಂಬುವ ಒಬ್ಬರೂ ಆ ಜಿಮ್‌ನಲ್ಲಿ ಇರಲಿಲ್ಲ.

ಕೊನೆಗೆ ನಾಗೇಂದ್ರ ಅಂಕಲ್ಲೇ ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಬಗ್ಗಿ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

“ಇದು ನಾನಲ್ಲ” ಅಂದರು.

ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

“ನನ್ನನ್ನ ಇಷ್ಟು ಕೆಟ್ಟದಾಗಿ ಇವನು ಯಾವತ್ತೂ ಮಾಡಿಲ್ಲ. ಹುಬ್ಬು ಎತ್ತಪ್ಪಾ ಒಂದ್ಸಲ. ಎರಡೂ.”

ಒಂದೇ ಎದ್ದಿತು.

“ಕಾರ್ ತೆಗೀರಿ” ಅಂದರು ಅಂಕಲ್. ಅವರು ವೆರಿ ಗುಡ್ ಅನ್ನದೇ ಇದ್ದದ್ದು ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿತು.

ಅಕ್ಕ ಗುಡ್ಡ ಇಳಿದು ಹೈವೇ ಹಿಡಿದಳು. ಸ್ಟೀರಿಂಗ್ ಹಿಡಿದ ಅವಳ ಬೆರಳು ಬೆಳ್ಳಗಾಗಿದ್ದವು. ಎಮರ್ಜೆನ್ಸಿಯಲ್ಲಿ ಸ್ಟ್ರೋಕ್ ಅನ್ನುವ ಪದ ಕೇಳಿಸಿದ್ದೇ ನನ್ನನ್ನು ಗಾಲಿ ಮಂಚಕ್ಕೆ ಹಾಕಿದರು. ನರ್ಸ್ ನಗು ಅಂದಳು. ನಕ್ಕೆ. “ಇವರು ಯಾವಾಗಲೂ ಹೀಗೇ ನಗೋದಾ?” ಅಂತ ಅಕ್ಕನನ್ನು ಕೇಳಿದಳು.

ಅಕ್ಕ ಅಳುತ್ತಲೇ, “ನೋ, ನಾರ್ಮಲ್ ಆಗಿ ಇದಕ್ಕಿಂತ ಇರಿಟೇಟಿಂಗ್ ಆಗಿರುತ್ತೆ” ಅಂದಳು.

ಡಾಕ್ಟರ್ ಬಂದು ಕೈ ಎತ್ತಿಸಿದರು, ಕಾಲು ಒತ್ತಿಸಿದರು, ಹಣೆ ಸುಕ್ಕುಗಟ್ಟಿಸು ಅಂದರು. ಎಡಹಣೆ ಇಸ್ತ್ರಿ ಮಾಡಿದ ಹಾಗೆ ನುಣ್ಣಗಿತ್ತು. ಅದನ್ನು ಕಂಡು ಅವರಿಗೆ ಸಮಾಧಾನವಾಯಿತು. ಸ್ಟ್ರೋಕ್ ಆಗಿದ್ದರೆ ಸಾಮಾನ್ಯವಾಗಿ ಹಣೆ ಅಲ್ಲಾಡುತ್ತಂತೆ. ಹಣೆಯೂ ಕೈಕೊಟ್ಟಿದೆ, ಕೈಕಾಲು ಗಟ್ಟಿಯಾಗಿವೆ ಅಂದರೆ ಮುಖದ ನರಕ್ಕೆ ಊತ ಬಂದಿದೆ. ಬೆಲ್ಸ್ ಪಾಲ್ಸಿ. ಸ್ಟಿರಾಯ್ಡ್ ಬರೆದರು, ಕಣ್ಣಿಗೆ ಡ್ರಾಪ್ಸ್ ಬರೆದರು. “ಮೋಸ್ಟ್ ಪೀಪಲ್ ರಿಕವರ್” ಅಂದರು.

ಮೋಸ್ಟ್.

ಆ ಒಂದು ಪದವನ್ನು ಮನೆಗೆ ತಂದು ಅದರ ಜೊತೆಗೇ ಮಲಗಿದೆ, ಎದ್ದೆ. ಕಾಲೇಜಿನಲ್ಲಿ ಮೋಸ್ಟ್ ಸ್ಟೂಡೆಂಟ್ಸ್ ಪಾಸ್ ಆದ ಸೆಮಿಸ್ಟರಿನಲ್ಲಿ ನಾನು ಏನಾದೆ ಅಂತ ನನಗೆ ಗೊತ್ತಿದೆ.

ನನ್ನ ಅಪಾರ್ಟ್‌ಮೆಂಟಿಗೆ ಹೋಗಲು ಅಕ್ಕ ಬಿಡಲಿಲ್ಲ. ಅವಳ ಮನೆಯ ಗೆಸ್ಟ್ ರೂಮಿನಲ್ಲಿ ಬಿದ್ದುಕೊಂಡೆ. ಎಡಗಣ್ಣು ಮುಚ್ಚುತ್ತಿರಲಿಲ್ಲ. ಮಲಗುವ ಮುಂಚೆ ಅಕ್ಕ ಅದಕ್ಕೆ ಮುಲಾಮು ಹಚ್ಚಿ ಟೇಪ್ ಅಂಟಿಸುತ್ತಿದ್ದಳು, ಅಮೆಜಾನಿಗೆ ವಾಪಸ್ ಕಳಿಸುವ ಡಬ್ಬಕ್ಕೆ ಅಂಟಿಸುವಷ್ಟೇ ಪ್ರೀತಿಯಿಂದ. ಸಾರು ಅನ್ನ ತಿಂದರೆ ಅರ್ಧ ಹೊಟ್ಟೆಗೆ, ಅರ್ಧ ಬನಿಯನ್ನಿಗೆ. ಸ್ಟಿರಾಯ್ಡ್‌ನಿಂದ ಹಸಿವು ಮಾತ್ರ ಇಬ್ಬರದ್ದು. ತುಟಿ ಸೇರದೆ ಪ, ಬ, ಮ ಯಾವುದೂ ನೆಟ್ಟಗೆ ಬರುತ್ತಿರಲಿಲ್ಲ. ನನ್ನ ಕೆಲಸ ಟೆಸ್ಟಿಂಗ್. ದಿನಾ ಬೆಳಗ್ಗೆ ಮೀಟಿಂಗಿನಲ್ಲಿ ‘ಬಗ್’ ಅನ್ನುವುದೇ ನನ್ನ ಸಂಬಳದ ಮೂಲ. ಕ್ಯಾಮೆರಾ ಆಫ್ ಮಾಡಿಕೊಂಡು ‘ಇಶ್ಯೂ’ ಅನ್ನುವುದಕ್ಕೆ ಕಲಿತೆ.

ಇವೆಲ್ಲ ತಮಾಷೆ ಮಾಡಬಹುದಾದ ಕಷ್ಟಗಳು. ಮಾಡಲಾಗದ್ದು ಒಂದಿತ್ತು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ನಾಗೇಂದ್ರ ಅಂಕಲ್ ಮಾಡಿ ನೋಡುತ್ತಿದ್ದೆ, ವಸುಧಾ ಆಂಟಿ ಮಾಡಿ ನೋಡುತ್ತಿದ್ದೆ, ನಮ್ಮ ಮ್ಯಾನೇಜರ್ ಮಾಡಿ ನೋಡುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ನನ್ನ ಮುಖ ನೋಡಲು ಚೆನ್ನಾಗಿದೆ ಅಂತ ಯಾರೂ ಯಾವತ್ತೂ ಹೇಳಿಲ್ಲ, ನಾನೂ ಆ ಭ್ರಮೆಯಲ್ಲಿರಲಿಲ್ಲ. ಆದರೆ ಅದರೊಳಗೆ ಊರಿನ ಜನರನ್ನೆಲ್ಲ ಇಟ್ಟುಕೊಂಡಿದ್ದೆ. ಹೊಸ ಊರಿನಲ್ಲಿ ಸ್ನೇಹ ಮಾಡಿಕೊಂಡದ್ದೂ, ಬೇಜಾರಾದಾಗ ತಪ್ಪಿಸಿಕೊಂಡದ್ದೂ ಅವರ ವೇಷದಲ್ಲೇ. ಈಗ ಒಳಗಿದ್ದವರೆಲ್ಲ ಅರ್ಧರ್ಧ ಆಗಿದ್ದರು. ಉಳಿದವನು ನಾನೊಬ್ಬನೇ, ನನ್ನ ಜೊತೆ ಒಬ್ಬನೇ ಇರುವ ಅಭ್ಯಾಸ ನನಗಿರಲಿಲ್ಲ.

ಅಷ್ಟರಲ್ಲಿ ಯೋಗ ಕ್ಲಾಸಿನವರು ಬಂದರು.

ಒಬ್ಬರು ಹರಳೆಣ್ಣೆ ತಂದರು. ಒಬ್ಬರು ಬಲೂನು ತಂದರು, ದಿನಾ ಊದಬೇಕಂತೆ. ಒಬ್ಬರು ಬಬಲ್‌ಗಮ್. ಸ್ನೊಕ್ವಾಲ್ಮಿ ಊರಿನಿಂದ ಒಬ್ಬರು ಕಾರು ಓಡಿಸಿಕೊಂಡು ಬಂದು, ನಾನು ಕಾರಿನ ಕಿಟಕಿ ಇಳಿಸಿಕೊಂಡು ಗಾಳಿಗೆ ಮುಖ ಕೊಟ್ಟು ಹೋಗಿದ್ದಕ್ಕೇ ಹೀಗಾಗಿದ್ದು ಅಂತ ಹೇಳಿ, ಕಾಫಿ ಕುಡಿದು ಹೋದರು. ವಸುಧಾ ಆಂಟಿ ಮಾತ್ರ ಬರಿಗೈಯಲ್ಲಿ ಬಂದರು. ನಾನು ನಿಟ್ಟುಸಿರು ಬಿಟ್ಟೆ.

“ಶನಿವಾರದಿಂದ ಕ್ಲಾಸಲ್ಲಿ ಮೊದಲು ಮುಖದ ಯೋಗ. ಎಲ್ರಿಗೂ ಹೇಳಿದೀನಿ. ನೀನೊಬ್ನೇ ಮಾಡಿದ್ರೆ ನಿಂಗೆ ಬೇಜಾರಾಗಲ್ವೇನಪ್ಪಾ?”

ಹೋದೆ. ಇಡೀ ಜಿಮ್‌ನಲ್ಲಿ ಅಷ್ಟೂ ಜನ, ಸಾಫ್ಟ್‌ವೇರ್ ಆರ್ಕಿಟೆಕ್ಟ್‌ಗಳು, ಡೈರೆಕ್ಟರ್‌ಗಳು, ಅವರ ಅತ್ತೆಯಂದಿರು, ಚಕ್ಕಳಮಕ್ಕಳ ಕೂತು ಕೆನ್ನೆ ಊದಿಸಿ, ತುಟಿ ಸೊಟ್ಟ ಮಾಡಿ, ಕಣ್ಣು ಕಿವುಚಿ, ಮೂಗು ತಿರುವುತ್ತಿದ್ದರು. ನನಗೋಸ್ಕರ. “ಜೋರಾಗೀ... ಇನ್ನೂ ಜೋರಾಗೀ...” ಅಂತ ಆಂಟಿ. ಪುಣ್ಯಾತ್ಮರು ಬೆವರುತ್ತಿದ್ದರು. ಇದನ್ನು ನೋಡಿ ನಗಬೇಕಾಗಿದ್ದ ಒಬ್ಬನೇ ಒಬ್ಬನಿಗೆ ನಗಲು ಬರುತ್ತಿರಲಿಲ್ಲ. ನಾನೂ ಮಾಡಿದೆ. ಮನೆಯಲ್ಲೂ ಮಾಡಿದೆ. ಬಲೂನು ಊದಿದೆ, ಗಮ್ ಜಗಿದೆ, ಕೆನ್ನೆ ಬೆರಳಿನಿಂದ ಎತ್ತಿ ಹಿಡಿದೆ. ಆಸೆ ಅನ್ನುವುದು ಮನುಷ್ಯನಿಂದ ಎಂಥ ಬಲೂನನ್ನಾದರೂ ಊದಿಸುತ್ತೆ.

ಫಿಸಿಯೋಥೆರಪಿಯ ಕೆಲ್ಲಿ ನನ್ನ ವರದಿ ಕೇಳಿ ತಲೆ ಹಿಡಿದುಕೊಂಡಳು. ಬಲವಂತವಾಗಿ ಎಳೆದಾಡಿದರೆ, ಬೆಳೆದು ಬರುತ್ತಿರುವ ನರ ತಪ್ಪು ಪಾಠ ಕಲಿಯಬಹುದಂತೆ. ಆಮೇಲೆ ನಕ್ಕರೆ ಕಣ್ಣು ಮುಚ್ಚುತ್ತೆ, ಕಣ್ಣು ಮುಚ್ಚಿದರೆ ಬಾಯಿ ಎಳೆಯುತ್ತೆ. ಸಣ್ಣದಾಗಿ, ನಿಧಾನವಾಗಿ, ಕನ್ನಡಿ ನೋಡಿಕೊಂಡು. ಉಳಿದ ಹೊತ್ತು ಮುಖಕ್ಕೆ ಬಿಡುವು ಕೊಡು. ಬಲೂನು ಇವತ್ತೇ ಬಿಸಾಕು.

ಈಗ ಇದನ್ನು ಜಿಮ್ ತುಂಬಾ ಇರುವ ಹಿರಿಯರಿಗೆ ಯಾರು ಹೇಳುವುದು?

ಮುಂದಿನ ಶನಿವಾರ ಮೆಲ್ಲಗೆ ಹೇಳಲು ಹೋದೆ. ಆಂಟಿ, “ಆ ಹುಡುಗಿಗೆ ಏನ್ ಗೊತ್ತಪ್ಪಾ, ನಾನು ನಿಮ್ಮಮ್ಮ ಮದುವೆಯಾಗೋ ಮುಂಚಿನಿಂದ ಯೋಗ ಮಾಡ್ತಿದೀನಿ. ಕೆನ್ನೆ ಊದ್ಸು” ಅಂದರು. ಅಕ್ಕನೂ, “ಆಂಟಿ ಅಷ್ಟು ಹೇಳ್ತಿದಾರಲ್ಲೋ” ಅಂದಳು. ಎದುರಿಗೆ ಅಷ್ಟೂ ಜನ ಆಗಲೇ ಕೆನ್ನೆ ಊದಿಸಿ ಕಾಯುತ್ತಿದ್ದರು.

“ಬೇಡ! ನನ್ನ ಮುಖ ನನಗೆ ಬಿಡಿ!” ಅಂತ ಕಿರುಚಿದೆ.

ಮಾತು ಅರ್ಧ, ಎಂಜಲು ಅರ್ಧ ಬಂತು. ಮುಂದಿನ ಸಾಲಿಗೆ ಸಿಡಿಯಿತು. ಊದಿದ್ದ ಕೆನ್ನೆಗಳು ಒಂದೊಂದಾಗಿ ಇಳಿದವು.

ಯಾರೂ ನಗಲಿಲ್ಲ.

ಅದೇ ಕೆಟ್ಟದ್ದು. ನಾನು ಬಾಯಿ ತೆಗೆದಾಗ ಜನ ನಗದೇ ಇದ್ದದ್ದು ಅದೇ ಮೊದಲು. ಕಾರಿನಲ್ಲಿ ಕೂತು, “ನಾನು ಹೀಗೇ ಉಳಿದುಬಿಟ್ರೆ ಏನೇ ಮಾಡ್ಲಿ?” ಅಂದೆ. ಅಕ್ಕ ಕಾರು ಹೊರಡಿಸಲಿಲ್ಲ. ವೈಪರ್ ಮಾತ್ರ ಸುಮ್ಮನೆ ಆಡುತ್ತಿತ್ತು. “ಹೀಗೇ ಉಳಿದ್ರೆ ಹೀಗೇ ಬೈತೀನಿ. ನನಗೇನೂ ವ್ಯತ್ಯಾಸ ಇಲ್ಲ” ಅಂದಳು. ಆಮೇಲೆ ಮೂಗು ಒರೆಸಿಕೊಂಡಳು.

ಮಂಗಳವಾರ ಕೆಲ್ಲಿಯ ಅಪಾಯಿಂಟ್‌ಮೆಂಟಿಗೆ ಹೋದರೆ ವೇಟಿಂಗ್ ರೂಮಿನಲ್ಲಿ ರೇಷ್ಮೆ ಶಾಲು ಹೊದ್ದು ವಸುಧಾ ಆಂಟಿ ಕೂತಿದ್ದರು. ಅಕ್ಕನ ಕೆಲಸ. ನನಗೆ ಮೈ ಉರಿದುಹೋಯಿತು. ಒಳಗೆ ಹೋದವರೇ, “ಮೈ ಡಿಯರ್, ಹೌ ಮೆನಿ ಇಯರ್ಸ್ ಯುವರ್ ಎಕ್ಸ್‌ಪೀರಿಯೆನ್ಸ್?” ಅಂತ ಕೆಲ್ಲಿಯನ್ನೇ ಸಂದರ್ಶನ ಮಾಡಿದರು. ಕೆಲ್ಲಿ ಉತ್ತರ ಹೇಳದೆ ಅವರ ಕೈಗೆ ಕನ್ನಡಿ ಕೊಟ್ಟು, ಒಂದೇ ಒಂದು ಚೂರು ನಗಿ, ಅಲ್ಲೇ ನಿಲ್ಲಿಸಿ ಅಂದಳು. ಆಂಟಿ ನಕ್ಕರು. ಪೂರ್ತಿ ಬಂತು. ಇನ್ನೂ ಕಡಿಮೆ ಅಂದಳು. ಏನೂ ಬರಲಿಲ್ಲ. ಮತ್ತೆ ಪೂರ್ತಿ ಬಂತು. ಹಾಗೇ ಸುಮಾರು ಹೊತ್ತು ಕೂತರು. ಕೊನೆಗೆ ಕನ್ನಡಿ ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿ, “ಕಷ್ಟ ಕಣೋ ಇದು. ಇದನ್ನ ದಿನಾ ಮಾಡ್ತಿದೀಯೇನೋ ನೀನು?” ಅಂದರು. ದನಿ ಎಳೆಯಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ನಮ್ಮವರು ಹಾಗೆಲ್ಲ ಬಿಡುವವರಲ್ಲ. ಗ್ರೂಪಿನಲ್ಲಿ ಮೆಸೇಜ್ ಬಂತು: ಶನಿವಾರದಿಂದ ಮುಖಶಾಂತಿ ಅಭ್ಯಾಸ, ಯಾರೂ ಮುಖ ಅಲ್ಲಾಡಿಸಬಾರದು.

ಹೋಗಿ ನೋಡಿದರೆ ಅಷ್ಟೂ ಜನ ಕಣ್ಣು ಮುಚ್ಚಿ, ಮುಖ ಕಲ್ಲು ಮಾಡಿಕೊಂಡು, ನನ್ನ ಕಡೆಗೇ ತಿರುಗಿ ಕೂತಿದ್ದಾರೆ. ಸಾಲಸಾಲು ಬೀಗರು ಮುನಿಸಿಕೊಂಡ ಹಾಗೆ. ನಾಗೇಂದ್ರ ಅಂಕಲ್ ಅಂತೂ ಉಸಿರನ್ನೇ ಬಿಡುತ್ತಿರಲಿಲ್ಲ. ಮಕ್ಕಳು ಸದ್ದಿಲ್ಲ ಅಂತ ಗೆರೆಯವರೆಗೆ ಬಂದು ನಿಂತವು. ಇರಾ ನನ್ನ ಭುಜ ತಟ್ಟಿ, ಪಿಸುಮಾತಿನಲ್ಲಿ ಕೇಳಿದಳು:

“ಮಾಮ, ವೈ ಈಸ್ ಎವ್ರಿಒನ್ ಮ್ಯಾಡ್ ಅಟ್ ಯೂ?”

ನನಗೆ ನಗು ಬಂತು. ತಡೆಯಲು ನೋಡಿದೆ. ತಡೆಯುತ್ತಿದ್ದಾಗ ಎಡಗಡೆ, ಬಾಯಿಯ ಮೂಲೆಯಲ್ಲಿ, ಏನೋ ಮಿಸುಕಿತು.

ಬೆರಳಿಟ್ಟು ನೋಡಿದೆ. ಮತ್ತೆ ಮಿಸುಕಿತು.

ಯಾರೂ ನೋಡಲಿಲ್ಲ. ನನಗಾಗಿ ಕಣ್ಣು ಮುಚ್ಚಿದ್ದರಲ್ಲ. ಕೂಗಬೇಕು ಅನ್ನಿಸಿತು, ಕೂಗಲಿಲ್ಲ. ಕೂಗಿದ್ದರೆ ಎಲ್ಲರೂ ಓಡಿಬಂದು ಇನ್ನೊಂದು ಸಲ ಮಾಡು ಅನ್ನುತ್ತಿದ್ದರು. ಇನ್ನೊಂದು ಸಲ ಬರುತ್ತೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಕ್ಲಾಸ್ ಮುಗಿಯುವವರೆಗೂ ಬೆರಳನ್ನು ಅಲ್ಲೇ ಇಟ್ಟುಕೊಂಡು, ಹಲ್ಲುನೋವಿನವನ ಹಾಗೆ ಕೂತಿದ್ದೆ.

ಆಮೇಲಿನ ವಾರಗಳಲ್ಲಿ ಒಂದೊಂದೇ ಮರಳಿತು. ಮೊದಲು ತುಟಿ, ಆಮೇಲೆ ಕಣ್ಣಿನ ರೆಪ್ಪೆ. ಹಣೆ ಇನ್ನೂ ಯೋಚಿಸುತ್ತಿದೆ. ಡಾಕ್ಟರ್ ಸ್ಟಿರಾಯ್ಡ್ ಅನ್ನುತ್ತಾರೆ, ಕೆಲ್ಲಿ ತಾಳ್ಮೆ ಅನ್ನುತ್ತಾಳೆ, ವಸುಧಾ ಆಂಟಿ ಮುಖಶಾಂತಿ ಅನ್ನುತ್ತಾರೆ, ಅಕ್ಕ ತನ್ನ ಟೇಪು ಅನ್ನುತ್ತಾಳೆ. ನಾನು ಎಲ್ಲರಿಗೂ ಹೌದು ಅನ್ನುತ್ತೇನೆ. ಸುಳ್ಳೇನಲ್ಲ. ಯಾವುದು ಹಿಡಿಯಿತೋ ಆ ನರಕ್ಕೇ ಗೊತ್ತು, ಅದು ಇನ್ನೂ ಬಾಯಿ ಬಿಟ್ಟಿಲ್ಲ.

ಊಟ ಮಾಡುವಾಗ ಈಗಲೂ ಎಡಗಣ್ಣು ತಾನಾಗಿ ಸಣ್ಣದಾಗುತ್ತೆ. ಬಡಿಸುತ್ತಿರುವವರಿಗೆ ಕಣ್ಣು ಹೊಡೆದ ಹಾಗೆ ಕಾಣುತ್ತೆ. ಮೊನ್ನೆ ಒಬ್ಬ ಅಜ್ಜಿ ನಾಚಿಕೊಂಡು ಇನ್ನೊಂದು ಸೌಟು ಚಿತ್ರಾನ್ನ ಹಾಕಿದರು. ಇದು ಹೀಗೇ ಉಳಿಯಬಹುದು, ಹೋಗಲೂಬಹುದು ಅಂತ ಕೆಲ್ಲಿ ಹೇಳಿದ್ದಾಳೆ. ನಾನೂ ಈಗ ಹೆಚ್ಚು ಕೇಳುವುದಿಲ್ಲ. ಬಂದಷ್ಟು ಮುಖವನ್ನು ಹಾಕಿಕೊಂಡು, ಶನಿವಾರ ಹೊತ್ತಿಗೆ ಸರಿಯಾಗಿ, ಮಕ್ಕಳ ಗೆರೆಯ ಈಚೆ ಹೋಗಿ ನಿಲ್ಲುತ್ತೇನೆ.