ಜಯರಾಮಯ್ಯನವರಿಗೆ ಬಂದ ಕರೆ

ಜಯರಾಮಯ್ಯನವರು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಸದ್ಯ ಮುಗಿಯಿತಲ್ಲ ಎಂದು ಹುಡುಗರು ಉಸಿರು ಬಿಟ್ಟರೆ, ಪಾಠ ಸೀದಾ ನಮ್ಮ ಪಾಂಡವಪುರದ ಬೀದಿಗೆ ಬಂತು. ಹಾಲು ತರಲು ಹೊರಟವನನ್ನೂ ನಿಲ್ಲಿಸಿ ಜರ್ಮನಿಯ ಒಬ್ಬ ಪಂಡಿತನ ಮಾತು ಒಪ್ಪಿಸುತ್ತಿದ್ದರು. ಜನ ಒಬ್ಬನ ಮಾತು ಕೇಳುವುದು ಮೂರು ಕಾರಣಕ್ಕಂತೆ: ಹಿಂದಿನಿಂದ ಬಂದ ರೂಢಿ ಎಂದು, ಕಾನೂನು ಎಂದು, ಇಲ್ಲವೇ ಆ ಮನುಷ್ಯನ ವರ್ಚಸ್ಸಿಗೆ ಸೋತು. ಮೂರನೆಯದು ತಮ್ಮಲ್ಲಿದೆ ಎಂಬ ಗುಮಾನಿ ಅವರಿಗೆ ಮೊದಲಿನಿಂದಲೂ ಇತ್ತು. ಹೆಂಡತಿ ಭಾಗೀರಥಮ್ಮನವರಿಗೆ ಇರಲಿಲ್ಲ.

ಇದ್ದ ವರ್ಚಸ್ಸನ್ನು ಸುಮ್ಮನೆ ಇಟ್ಟುಕೊಳ್ಳಲಾಗದೆ ಗ್ರಾಹಕರ ಸಹಕಾರ ಸಂಘದ ಅಧ್ಯಕ್ಷಗಿರಿಗೆ ನಿಂತರು. ಅಕ್ಕಿ, ಬೇಳೆ, ಸೋಪು ಮಾರುವ ಒಂದೇ ಅಂಗಡಿಯ ಸಂಘ. ಅದಕ್ಕೂ ಎರಡು ಸಲ ಸೋತರು. ಮತ್ತೆ ಸೋತರೆ ಬೀದಿಯಲ್ಲಿ ತಲೆ ಎತ್ತುವಂತಿರಲಿಲ್ಲ.

ಈ ಸಲ ಯಾಸಿನನ ಗೂಡ್ಸ್ ಆಟೋಗೆ ಮೈಕು ಕಟ್ಟಿಸಿ, ಸಂಘದ ಸದಸ್ಯರು ಹೆಚ್ಚಿದ್ದ ಕ್ಯಾತನಹಳ್ಳಿಗೆ ಹೋದರು. ಪಂಡಿತನ ಇನ್ನೊಂದು ಮಾತು ಅವರ ನಾಲಿಗೆಯ ಮೇಲಿತ್ತು. ಆ ಕಡೆಯವರು ದುಡಿಮೆಯನ್ನೇ ದೇವರ ಕರೆ ಎಂದು ನಂಬಿ ಉದ್ಧಾರವಾದರಂತೆ. ಜಯರಾಮಯ್ಯ ಕಣ್ಣು ಮುಚ್ಚಿ, ಗಂಟಲು ತುಂಬಿಸಿಕೊಂಡು ಮೈಕಿಗೆ ಹೇಳಿದರು: "ಬಂಧುಗಳೇ, ನನಗೆ ದೇವರ ಕರೆ ಬಂದಿದೆ! ಇನ್ನು ಉಳಿದಿರುವುದು ನಿಮ್ಮ ಸೇವೆಯೊಂದೇ!"

ನಮ್ಮ ಕಡೆ ದೇವರು ಕರೆಯುವುದು ಒಂದೇ ಕೆಲಸಕ್ಕೆ.

"ಅಯ್ಯೋ ಸಿವ್ನೆ, ಡಾಕುಟ್ರು ಕೈ ಬುಟ್ಬುಟ್ರಾ?" ಎಂದು ಮುಂದೆ ಕೂತಿದ್ದ ಚಿಕ್ಕಬೋರಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಯಾಸಿನನೂ ಕಣ್ಣೊರೆಸಿಕೊಂಡ. ಅವರಲ್ಲೂ ಬುಲಾವಾ ಬಂತು ಎಂದರೆ ಅದೇ ಅರ್ಥ.

ಸುದ್ದಿ ಆಟೋಗಿಂತ ಮುಂದೆ ಓಡಿತು. ಸಾಯುವವನ ಕೊನೆ ಆಸೆ, ತೀರಿಸೋಣ ಎಂದು ಎದುರಾಳಿಯ ಹೆಂಡತಿಯೂ ಇವರಿಗೇ ವೋಟು ಹಾಕಿದಳು. ಜಯರಾಮಯ್ಯ ಹಾರ ಹಾಕಿಕೊಂಡು ಮನೆಗೆ ಬಂದು, "ನೋಡಿದೆಯಾ ವರ್ಚಸ್ಸು!" ಎಂದರು.

ವರ್ಷಗಳು ಕಳೆದವು. ಅಧ್ಯಕ್ಷರು ಕೆಂಪಗೆ, ಗುಂಡಗೆ ಆದರು. ಅಂಗಡಿಯ ಬೇಳೆಗೆ ಹುಳು ಬಿತ್ತು. ಸಂಘದ ಮಹಾಸಭೆಯಲ್ಲಿ ಚಿಕ್ಕಬೋರಮ್ಮ ಎದ್ದು ನಿಂತಳು.

"ಅಲ್ಲಾ ಮೇಷ್ಟ್ರೇ, ಕರೆ ಬಂದೈತೆ ಅಂದ್ರಿ, ಪಾಪ ಅಂತ ಓಟಾಕುದ್ವಿ. ಇನ್ನೂ ಓಗ್ಲೇ ಇಲ್ವಲ್ಲ? ನಂಬ್ಸಿ ಕತ್ತು ಕುಯ್ದ್ಬುಟ್ರಿ!"

ಜಯರಾಮಯ್ಯ ಬೆಪ್ಪಾಗಿ ಪಕ್ಕದಲ್ಲಿದ್ದ ಯಾಸಿನನ ಕಡೆ ತಿರುಗಿದರು. "ಏನಯ್ಯಾ ಹೇಳ್ತಿದ್ದಾಳೆ?"

"ನೀವು ಓಗ್ಬುಡ್ತೀರಿ ಅಂತ್ಲೇ ಎಲ್ರೂ ಗೆಲ್ಸಿದ್ದು ಸಾರ್. ನಾನೂ ದುವಾ ಮಾಡಿದ್ದೆ."

ಅವರ ಮುಖ ನೋಡಿ, ಸುಳ್ಳೇಕೆ, ನನಗೂ ಪಾಪ ಎನಿಸಿತು. ಈಗ ರಾಜೀನಾಮೆ ಕೊಡುತ್ತಾರೆ ಎಂದುಕೊಂಡೆವು. ಆದರೆ ಓದಿದವರು ಅಷ್ಟು ಸಲೀಸಾಗಿ ಕುರ್ಚಿ ಬಿಡುತ್ತಾರೆಯೇ? ಮೇಜು ಹಿಡಿದು ಎದ್ದರು. ಮಾತಿಗೆ ಮೊದಲು ಕೆಮ್ಮು ಬಂತು, ನಿಜವಾದ ಕೆಮ್ಮೇ.

"ಲೇ, ನೀರು ಕೊಡ್ರಲಾ ಅವ್ರಿಗೆ," ಎಂದಳು ಚಿಕ್ಕಬೋರಮ್ಮ, ದನಿ ಇಳಿಸಿ.

ಜಯರಾಮಯ್ಯ ಕನಿಕರಪಡುತ್ತಿದ್ದ ಆ ಮುಖಗಳನ್ನೆಲ್ಲ ಒಂದು ಸಲ ನೋಡಿದರು. ಆಮೇಲೆ ಇನ್ನೊಂದು ಸಲ ಕೆಮ್ಮಿದರು.